ಉಚಿತ ತರಬೇತಿ, ಇವತ್ತೇ ಕೊನೇ ದಿನ ಅಂತ ಪೋಸ್ಟರ್ ಬಂದಿದ್ರೆ ಮೊದಲು ಇದನ್ನ ಓದಿ

ಪಿಯುಸಿ, ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗ ಹುಡುಗಿಯರು ಇರುವವರೆಲ್ಲ ದಯವಿಟ್ಟು ಪೂರ್ತಿ ಓದಿ. ಉದ್ದ ಆಗಿದೆ, ಆಗಲಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹಿಂದೆಮುಂದೆ ಆಗಿದ್ದರೆ ನೀವೇ ಹೊಂದಿಸಿಕೊಳ್ಳಿ.

ಉಚಿತ ತರಬೇತಿ ಅಂತ ಕರೆದು ನಮ್ಮ ಹತ್ತಿರ ದುಡ್ಡು ಕಿತ್ತುಕೊಂಡ ಸಂಸ್ಥೆಯ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇವೆ, ಈಗಲೇ ಹೆಸರು ಬರೆಯಬೇಡಿ ಅಂತ ಠಾಣೆಯಲ್ಲಿ ಹೇಳಿದ್ದಾರೆ. ಹೆಸರು ಗೊತ್ತಾದರೂ ಜಾಸ್ತಿ ಪ್ರಯೋಜನ ಇಲ್ಲ. ಗ್ರಾಮೀಣ, ಯುವ, ಕೌಶಲ್ಯ, ಅಭಿವೃದ್ಧಿ, ಈ ನಾಲ್ಕು ಪದಗಳನ್ನು ಅದಲು ಬದಲು ಮಾಡಿದರೆ ನಾಳೆ ಇನ್ನೊಂದು ಬೋರ್ಡು ರೆಡಿ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ. ನನ್ನ ತಮ್ಮ ಪಿಯುಸಿ ಪಾಸಾಗಿ ತೋಟ, ಕೊಟ್ಟಿಗೆ ಅಂತ ಇದ್ದ. ಸಿಸಿಟಿವಿ ಹಾಕುವ ಕೆಲಸ ಕಲೀಬೇಕು ಅಂತ ಅವನಿಗೆ ಆಸೆ. ಆಗ ಯುವಕ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಆ ಪೋಸ್ಟರ್ ಬಂತು. ಮೇಲೆ ಗಂಡಭೇರುಂಡ, ಪಕ್ಕದಲ್ಲಿ ವಿವೇಕಾನಂದರ ಫೋಟೋ. ಕೆಳಗೆ "ಮುಂಬರುವ ಕಾರ್ಯಕ್ರಮಗಳು" ಅಂತ ಒಂದು ಪಟ್ಟಿ. ಮೊಬೈಲ್ ರಿಪೇರಿ, ಸಿಸಿಟಿವಿ, ಹೈನುಗಾರಿಕೆ, ಎಲ್ಲದರ ಎದುರಿಗೂ ತಾರೀಕು. ಜನವರಿ 12ಕ್ಕೆ ಯುವ ಸಮಾವೇಶ. ತರಬೇತಿ ಉಚಿತ, ಊಟ ವಸತಿ ಉಚಿತ, ಮುಗಿದ ಮೇಲೆ ಟೂಲ್ ಕಿಟ್. ಕೊನೇ ಸಾಲು ಕೆಂಪು ಅಕ್ಷರದಲ್ಲಿ: "ನೋಂದಣಿಗೆ ನಾಳೆ ಸಂಜೆ 5 ಗಂಟೆ ಕೊನೆ, ಕೆಲವೇ ಸೀಟು ಬಾಕಿ."

ಇದನ್ನು ನಂಬಿದಿರಾ ಅಂತ ಕೇಳುವವರಿಗೆ ಒಂದು ಮಾತು. ಇಂಥ ತರಬೇತಿಗಳು ನಿಜವಾಗಲೂ ಇವೆ ಸ್ವಾಮಿ. ಉಜಿರೆಯಲ್ಲಿ 1982ರಲ್ಲೇ ಧರ್ಮಸ್ಥಳದವರು, ಬ್ಯಾಂಕಿನವರು ಸೇರಿ ರುಡ್‌ಸೆಟ್ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆ ಶುರು ಮಾಡಿದರು. ಚಿತ್ರದುರ್ಗದಲ್ಲೂ ಅದರ ಕೇಂದ್ರ ಇದೆ. ಅದನ್ನೇ ನೋಡಿಕೊಂಡು ಈಗ ದೇಶದ ತುಂಬ ಜಿಲ್ಲೆಗಳಲ್ಲಿ ಬ್ಯಾಂಕುಗಳು ಆರ್‌ಸೆಟಿ ಅನ್ನುವ ಅಂಥದೇ ತರಬೇತಿ ಕೇಂದ್ರಗಳನ್ನು ನಡೆಸುತ್ತವೆ. ಪಕ್ಕದ ಮನೆಯವರು ಹತ್ತು ದಿನದ ಹೈನುಗಾರಿಕೆ ತರಬೇತಿಗೆ ಹೋಗಿ, ಅಲ್ಲೇ ಇದ್ದು, ಅಲ್ಲೇ ಉಂಡು, ಒಂದು ರೂಪಾಯಿ ಕೊಡದೆ ಬಂದಿದ್ದನ್ನು ನಾವೇ ನೋಡಿದ್ದೇವೆ. ಹಾಗಾಗಿ "ಉಚಿತ" ಅಂದಾಗ ನಮಗೆ ಅದೇನು ಹೊಸದಾಗಿ ಕಾಣಲಿಲ್ಲ. ಕಳ್ಳರಿಗೂ ಅದು ಗೊತ್ತು, ಅದಕ್ಕೇ ಆ ವೇಷ ಹಾಕಿದ್ದು.

ಮರುದಿನ ತಮ್ಮನನ್ನು ಆ ಸಂಸ್ಥೆಯ ಆಫೀಸಿಗೆ ಕರೆದುಕೊಂಡು ಹೋದೆ. ಬಸ್ ಸ್ಟ್ಯಾಂಡ್ ಹಿಂದೆ ಜೆರಾಕ್ಸ್ ಅಂಗಡಿ ಮೇಲಿನ ಮಹಡಿ. ಟೇಬಲ್ ಮೇಲೆ ಕಂಪ್ಯೂಟರ್, ಗೋಡೆ ಮೇಲೆ "ಭಾರತ ಸರ್ಕಾರದಿಂದ ನೋಂದಾಯಿತ" ಅಂತ ಬೋರ್ಡ್. ಒಬ್ಬರು ಮೇಡಂ ಇದ್ದರು. ಬಹಳ ಒಳ್ಳೆ ಮಾತು. "ಅಣ್ಣ, ಸರಿಯಾದ ಟೈಮಿಗೆ ಬಂದ್ರಿ, ಸಿಸಿಟಿವಿ ಬ್ಯಾಚಲ್ಲಿ ಎರಡೇ ಸೀಟು ಇರೋದು." ಫಾರ್ಮ್ ತುಂಬಿಸಿದರು. ಆಮೇಲೆ ಮೆಲ್ಲಗೆ, ರಿಜಿಸ್ಟ್ರೇಷನ್ 3,500 ಅಂದರು.

ತರಬೇತಿ ಫ್ರೀ ಅಲ್ವಾ ಮೇಡಂ ಅಂದೆ.

"ತರಬೇತಿ ಫ್ರೀನೇ ಅಣ್ಣ. ಇದು ತರಬೇತಿಗಲ್ಲ, ಪೋರ್ಟಲ್‌ಗೆ. ಬ್ಯಾಚ್ ಶುರು ಆದ್ಮೇಲೆ ಸ್ಟೈಪೆಂಡ್ ಜೊತೆ ನಿಮ್ಮ ಅಕೌಂಟಿಗೇ ವಾಪಸ್ ಬರುತ್ತೆ."

ಮಾತಾಡುತ್ತಾ ಗಡಿಯಾರ ನೋಡುತ್ತಿದ್ದರು. ಪೋರ್ಟಲ್ ಐದಕ್ಕೆ ಕ್ಲೋಸ್ ಆಗುತ್ತೆ, ಆಮೇಲೆ ನಾನೇನೂ ಮಾಡೋಕಾಗಲ್ಲ ಅಣ್ಣ, ಹೋದ ಸಲ ಒಬ್ಬರು ಅತ್ಕೊಂಡು ಹೋದ್ರು, ಹೀಗೆ. ಗೋಡೆ ಮೇಲಿದ್ದ ಸ್ಕ್ಯಾನರ್‌ಗೆ ಫೋನ್ ಪೇ ಮಾಡಿದೆ. ಬಂದ ಹೆಸರು ಸಂಸ್ಥೆಯದ್ದಲ್ಲ, ಯಾರೋ ಒಬ್ಬ ಗಂಡಸಿನದ್ದು. ಕೇಳಿದ್ದಕ್ಕೆ "ನಮ್ಮ ಅಕೌಂಟೆಂಟ್" ಅಂದರು. ತಮ್ಮನ ಎಸ್‌ಎಸ್‌ಎಲ್‌ಸಿ, ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೂಡ ವೆರಿಫಿಕೇಷನ್‌ಗೆ ಅಂತ ಇಟ್ಟುಕೊಂಡರು. ಹೊರಡುವಾಗ ಇನ್ನೊಂದು ಬೆಣ್ಣೆ ಮಾತು: ಇದಕ್ಕೆ ಸೇರಿದರೆ ಯುವನಿಧಿ ದುಡ್ಡೂ ಬರುತ್ತಂತೆ. ಯುವನಿಧಿ ಇರುವುದು ಡಿಗ್ರಿ ಆದವರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500. ಪಿಯುಸಿ ಹುಡುಗನಿಗೆ ಅದು ಎಲ್ಲಿಂದ ಬರಬೇಕು?

ಅಲ್ಲಿಂದ ಶುರುವಾಯ್ತು ತಾರೀಕಿನ ಆಟ. ಮುಂದಿನ ಸೋಮವಾರ ಬ್ಯಾಚ್ ಅಂದರು. ಸೋಮವಾರ ಫೋನ್ ಮಾಡಿದರೆ ಟ್ರೈನರ್ ಬೆಂಗಳೂರಿಂದ ಬರಬೇಕು. ಆಮೇಲೆ ದೀಪಾವಳಿ ಕಳೀಲಿ. ಆಮೇಲೆ ಮೇಲಿಂದ ಆರ್ಡರ್ ಬಂದಿಲ್ಲ. ಮೇಲೆ ಅಂದರೆ ಯಾರು ಅಂತ ಕೇಳಿದರೆ "ಮೇಲೆ ಅಂದ್ರೆ ಮೇಲೇ ಸರ್." ಈ ಹೊತ್ತಿಗೆ ಅಣ್ಣ ಹೋಗಿ ಸರ್ ಆಗಿದ್ದೆ, ಗಮನಿಸಿ.

ತಮಾಷೆ ಏನಂದರೆ ಅವರ ತಾರೀಕು ಎಷ್ಟು ಬೇಕಾದರೂ ಮುಂದೆ ಹೋಗಬಹುದು, ನಮ್ಮದು ಒಂದು ಗಂಟೆಯೂ ಹೋಗುವ ಹಾಗಿಲ್ಲ. ಬಾಂಡ್ ಪೇಪರ್ ಇವತ್ತೇ ಬೇಕು. ಮೆಡಿಕಲ್ ಸರ್ಟಿಫಿಕೇಟ್ ನಾಳೆ 11ರೊಳಗೆ ಬೇಕು. ಸಮಾವೇಶದ ಟೀ ಶರ್ಟಿಗೆ 300 ಶುಕ್ರವಾರದೊಳಗೆ ಹಾಕದಿದ್ದರೆ ಸೀಟು ಕ್ಯಾನ್ಸಲ್. ಪ್ರತಿ ಸಲ ಕೆಲಸ ಬಿಟ್ಟು ಓಡಿದ್ದೇವೆ. ಈಗ ಯೋಚನೆ ಮಾಡಿದರೆ ಮೈ ಉರಿಯುತ್ತೆ.

ಇನ್ನು ಜನವರಿ 12ರ ಕಥೆ. ರಾಷ್ಟ್ರೀಯ ಯುವ ದಿನ, ವಿವೇಕಾನಂದರ ಜಯಂತಿ, ಎಲ್ಲ ಕಡೆ ಏನಾದರೂ ಕಾರ್ಯಕ್ರಮ ಇರುವ ದಿನ. ಇವರದ್ದೂ ಒಂದು ಕಲ್ಯಾಣ ಮಂಟಪದಲ್ಲಿ. ಹಾಜರಾತಿ ಕಡ್ಡಾಯ, ಬರದಿದ್ದವರನ್ನು ಲಿಸ್ಟಿಂದ ತೆಗೀತೀವಿ ಅಂತ ಮೆಸೇಜ್. ಹುಡುಗರು ಟೀ ಶರ್ಟ್ ಹಾಕಿಕೊಂಡು ಹೋದರು. ಭಾಷಣ ಆಯ್ತು, ಪಲಾವ್ ಆಯ್ತು. ಹಾಜರಾತಿ ಅಂತ ಹಾಳೆ ಮೇಲೆ ಹಾಳೆ ಕೊಟ್ಟು ಸಹಿ ಮಾಡಿಸಿಕೊಂಡರು. ಒಂದೇ ದಿನದ ಕಾರ್ಯಕ್ರಮಕ್ಕೆ ಅಷ್ಟೊಂದು ಸಹಿ ಯಾಕೆ ಅಂತ ತಮ್ಮ ಕೇಳಿದ್ದಕ್ಕೆ "ಆಫೀಸ್ ಕಾಪಿ, ಬ್ಯಾಂಕ್ ಕಾಪಿ, ಆಡಿಟ್ ಕಾಪಿ" ಅಂದರಂತೆ. ತಾರೀಕು ಬರೆಯುವ ಜಾಗ ಎಲ್ಲದರಲ್ಲೂ ಖಾಲಿ.

ಕೊನೆಗೆ ಗ್ರೂಪ್ ಫೋಟೋ. ಒಬ್ಬೊಬ್ಬರ ಕೈಗೂ ಒಂದೊಂದು ನೀಲಿ ಫೈಲ್ ಕೊಟ್ಟು ಎದೆ ಹತ್ತಿರ ಹಿಡ್ಕೊಳ್ಳಿ, ನಗ್ರಪ್ಪಾ ನಗ್ರಿ ಅಂದಿದ್ದಾರೆ. ಫೋಟೋ ಆದ ತಕ್ಷಣ ಫೈಲ್ ವಾಪಸ್. ಒಳಗೆ ಏನಿತ್ತೋ ಅಂತ ಕೇಳಿದೆ. "ಏನೂ ಇಲ್ಲ ಅಣ್ಣ, ಬಿಳಿ ಹಾಳೆ" ಅಂದ.

ಕೆಲವು ದಿನ ಆದ ಮೇಲೆ ತಮ್ಮನ ಫ್ರೆಂಡ್ ಒಬ್ಬ ಆ ಫೋಟೋ ಕಳಿಸಿದ. ಸಂಸ್ಥೆಯವರೇ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದರಂತೆ. ನನ್ನ ತಮ್ಮ ಮುಂದಿನ ಸಾಲಿನಲ್ಲೇ ಹಲ್ಲು ಕಿರಿದು ನಿಂತಿದ್ದಾನೆ. ಹಿಂದಿನ ಬ್ಯಾನರ್ ಮಸುಕಾಗಿತ್ತು, ದೊಡ್ಡದು ಮಾಡಿ ನೋಡಿದೆ. ಯುವ ಸಮಾವೇಶ ಅಲ್ಲ, ವಿವೇಕಾನಂದರ ಜಯಂತಿಯೂ ಅಲ್ಲ. "ಸಿಸಿಟಿವಿ ಅಳವಡಿಕೆ ಮತ್ತು ದುರಸ್ತಿ ತರಬೇತಿ, ಸಮಾರೋಪ ಸಮಾರಂಭ."

ಸಮಾರೋಪ. ಶುರುವೇ ಆಗದ ತರಬೇತಿಯ ಸಮಾರೋಪ. ಒಂದು ವೈರು ಮುಟ್ಟಿಲ್ಲ, ಒಂದು ಕ್ಯಾಮೆರಾ ನೋಡಿಲ್ಲ, ಪಾಸಾಗಿ ಸರ್ಟಿಫಿಕೇಟ್ ತಗೊಂಡು ನಿಂತಿದ್ದಾನೆ! ಫೋಟೋಗೆ ಮುಂಚೆ ಹಳೇ ಬ್ಯಾನರ್ ಮೇಲೆ ಇನ್ನೊಂದನ್ನು ಕಟ್ಟಿದರು, ನಾವೆಲ್ಲ ಫೈಲ್ ಹಿಡ್ಕೊಂಡು ಆ ಕಡೆ ಬೆನ್ನು ಹಾಕಿ ನಿಂತಿದ್ದೆವು ಅಂತ ಆಮೇಲೆ ನೆನಪು ಮಾಡಿಕೊಂಡು ಹೇಳಿದ. ತಾರೀಕಿಲ್ಲದ ಸಹಿಗಳು ಯಾಕೆ ಬೇಕಿತ್ತು ಅಂತ ಆಗ ಹೊಳೆಯಿತು. ಆ ಹಾಳೆಗಳನ್ನು ಯಾರಿಗೆ ತೋರಿಸಿ ಯಾವ ದುಡ್ಡು ಎತ್ತುತ್ತಾರೋ, ಅದರಲ್ಲಿ ನನ್ನ ತಮ್ಮನ ಸಹಿ ಇದೆ. ರಾತ್ರಿ ನಿದ್ದೆ ಬರಲಿಲ್ಲ ನನಗೆ. 3,500 ಹೋಗಿದ್ದಕ್ಕಿಂತ ಇದು ಜಾಸ್ತಿ ಚುಚ್ಚಿದ್ದು.

ಈ ಕಡೆ ಅಪ್ಪ ಬೆಳಗ್ಗೆ ಹಾಲು ಹಾಕಲು ಹೋದಾಗ ಡೈರಿ ಹತ್ತಿರ ಎಲ್ಲರಿಗೂ ಹೇಳಿಬಿಟ್ಟಿದ್ದಾರೆ, ಚಿಕ್ಕವನಿಗೆ ಗೌರ್ಮೆಂಟ್ ಟ್ರೈನಿಂಗ್ ಸಿಕ್ಕಿದೆ ಅಂತ. ಈಗ ಕ್ಯಾನ್ ಹಿಡಿದು ನಿಂತರೆ ಸಾಕು, ಏನಪ್ಪ ಯಜಮಾನ, ನಿನ್ನ ಮಗ ನಮ್ಮ ತೋಟಕ್ಕೆ ಕ್ಯಾಮೆರಾ ಹಾಕೋಕೆ ಯಾವಾಗ ಬರ್ತಾನೆ ಅಂತ ಕೇಳುತ್ತಾರೆ. ಅಪ್ಪ ಈಗ ಹಾಲು ಅಮ್ಮನ ಕೈಲಿ ಕಳಿಸುತ್ತಿದ್ದಾರೆ.

ದುಡ್ಡು ವಾಪಸ್ ಕೊಡಿ ಅಂತ ಮೆಸೇಜ್ ಹಾಕಿದೆ. ಉತ್ತರ ಹೀಗೆ ಬಂತು: "ಸರ್ ನೀವು ಕೊಟ್ಟಿದ್ದು ಫೀಸ್ ಅಲ್ಲ, ದೇಣಿಗೆ. ರಸೀದಿ ಸರಿಯಾಗಿ ಓದಿ."

ರಸೀದಿ ತೆಗೆದು ಓದಿದೆ. ಕಾರ್ಬನ್ ಕಾಪಿ, ಅರ್ಧ ಅಳಿಸಿದೆ. ಕೆಳಗೆ ಇರುವೆ ಸೈಜಿನ ಅಕ್ಷರದಲ್ಲಿ "ಸ್ವಇಚ್ಛೆಯಿಂದ ನೀಡಿದ ದೇಣಿಗೆ, ಹಿಂತಿರುಗಿಸಲಾಗುವುದಿಲ್ಲ" ಅಂತ ಪ್ರಿಂಟ್ ಆಗಿದೆ. ಸರಿಯಾಗಿ ಅದರ ಮೇಲೇ ನೇರಳೆ ಬಣ್ಣದ ಸೀಲು ಒತ್ತಿದ್ದಾರೆ. ಬಿಸಿಲಿಗೆ ಹಿಡಿದರೆ ಮಾತ್ರ ಕಾಣುತ್ತೆ.

ಹಾಗಾದರೆ ಸ್ಟೈಪೆಂಡ್ ಜೊತೆ ವಾಪಸ್ ಬರುತ್ತೆ ಅಂದಿದ್ದು ಯಾರು ಅಂದೆ. "ರಿಫಂಡ್ ಅರ್ಜಿಗೆ 15 ದಿನ ಟೈಮ್ ಇತ್ತು ಸರ್, ಲಾಸ್ಟ್ ಡೇಟ್ ಮುಗಿದಿದೆ." ಅಲ್ಲ ಮೇಡಂ, ದೇಣಿಗೆ ಆದರೆ ರಿಫಂಡ್ ಎಲ್ಲಿಂದ ಬಂತು, ರಿಫಂಡ್ ಇದ್ದರೆ ದೇಣಿಗೆ ಹೆಂಗಾಯ್ತು, ಎರಡರಲ್ಲಿ ಒಂದು ಹೇಳಿ ಅಂದೆ. ಕೈ ಮುಗಿಯುವ ಎಮೋಜಿ ಬಂತು. ಅಷ್ಟೇ. ಮಾರ್ಕ್ಸ್ ಕಾರ್ಡ್ ಆದರೂ ಕೊಡಿ ಅಂದರೆ "ಅಭ್ಯರ್ಥಿ ಮಧ್ಯದಲ್ಲಿ ಬಿಟ್ಟು ಹೋದರೆ ಬಾಂಡ್ ಪ್ರಕಾರ 5,000 ಕಟ್ಟಬೇಕು." ಮಧ್ಯ ಎಲ್ಲಿದೆ ತಾಯಿ? ಶುರು ಎಲ್ಲಿದೆ? ಅವರದೇ ಫೋಟೋ ಪ್ರಕಾರ ಸಮಾರೋಪ ಬೇರೆ ಆಗಿಹೋಗಿದೆ! ಅದನ್ನು ಬರೆದು ಫೋಟೋ ಕಳಿಸಿದ ಮೇಲೆ ನನ್ನ ನಂಬರ್ ಬ್ಲಾಕ್.

ಅದೇ ಸ್ಥಿತಿಯಲ್ಲಿದ್ದ ಇನ್ನಿಬ್ಬರು ಹುಡುಗರ ಅಪ್ಪಂದಿರನ್ನು ಸೇರಿಸಿಕೊಂಡು ಮಹಡಿ ಹತ್ತಿದೆವು. ಹೊಸದಾಗಿ ಫಾರ್ಮ್ ತುಂಬುತ್ತಿದ್ದ ಹುಡುಗಿಯರು ಅಲ್ಲೇ ಕೂತಿದ್ದರು, ಅವರ ಮುಂದೆಯೇ ಮಾತು ಜೋರಾಯ್ತು. ಆಗ ಮೇಡಂ ಎದ್ದು ಹೋಗಿ ಕಬ್ಬಿಣದ ಬೀರು ತೆಗೆದರು. ಒಳಗೆ ನೋಡಿ ನಾವು ಸುಮ್ಮನಾದೆವು. ಬರೀ ಮಾರ್ಕ್ಸ್ ಕಾರ್ಡುಗಳು. ಕಟ್ಟು ಕಟ್ಟು, ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ಊರಿನ ಹೆಸರು ಬರೆದ ಚೀಟಿ ಸಿಕ್ಕಿಸಿ. ನಮ್ಮೂರಿನ ಕಟ್ಟು ಬಿಚ್ಚಿ ಎಣಿಸಿ ಕೊಟ್ಟರು. "ನಂಬಿಕೆ ಇಲ್ಲದವರಿಗೆ ನಮ್ಮ ಕಾರ್ಯಕ್ರಮ ಅಲ್ಲ ಬಿಡಿ" ಅನ್ನುವ ಮಾತು ಬೇರೆ. ಮಾರ್ಕ್ಸ್ ಕಾರ್ಡ್ ಬಂತು. ದುಡ್ಡು ಬಂದಿಲ್ಲ. ಸಹಿ ಮಾಡಿದ ಹಾಳೆ ಕೇಳಿದ್ದಕ್ಕೆ ಹೆಡ್ ಆಫೀಸಿಗೆ ಹೋಗಿದೆ ಅಂದರು. ಹೆಡ್ ಆಫೀಸ್ ಎಲ್ಲಿ ಅಂದರೆ ಮತ್ತೆ ಆ ಕೈಮುಗಿಯುವುದೇ, ಈ ಸಲ ನಿಜವಾದ ಕೈಯಲ್ಲಿ.

ಆಮೇಲೆ ನಮ್ಮ ಪಂಚಾಯ್ತಿಯ ಸಂಜೀವಿನಿ ಮಹಿಳಾ ಸಂಘಗಳ ಒಕ್ಕೂಟದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಎಂಬಿಕೆ ಅಕ್ಕನಿಗೆ ಪೋಸ್ಟರ್ ತೋರಿಸಿದೆ. ಪೂರ್ತಿ ಓದಲೂ ಇಲ್ಲ ಅವರು. "ದುಡ್ಡು ಕೇಳಿದ್ರಾ? ಹಂಗಾದ್ರೆ ನಮ್ಮದಲ್ಲ ಬಿಡಣ್ಣ." ಕೇಂದ್ರದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ 2014ರಿಂದ ಇದೆ, ಹಳ್ಳಿಯ ಬಡ ಮನೆಗಳ 15ರಿಂದ 35 ವಯಸ್ಸಿನವರಿಗೆ, ನಮ್ಮಲ್ಲಿ ಅದನ್ನು ಸಂಜೀವಿನಿಯವರೇ ನೋಡಿಕೊಳ್ಳುತ್ತಾರೆ, ಅದಕ್ಕೆ ಹುಡುಗರು ಫೀಸ್ ಕಟ್ಟುವ ಮಾತೇ ಇಲ್ಲ ಅಂದರು. ಗೋಡೆ ಮೇಲಿನ ಬೋರ್ಡಿನ ಬಗ್ಗೆಯೂ ಕೇಳಿದೆ. ಟ್ರಸ್ಟ್ ಯಾರು ಬೇಕಾದರೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಬಹುದು. ನೀತಿ ಆಯೋಗದ ದರ್ಪಣ್ (ಎನ್‌ಜಿಒಗಳು ಹೆಸರು ನೋಂದಾಯಿಸುವ ಪೋರ್ಟಲ್) ನಂಬರ್ ಇದೆ ಅಂತ ತೋರಿಸುತ್ತಾರೆ, ಎನ್‌ಜಿಒ ಆದರೆ ಅರ್ಜಿ ಹಾಕಿ ಅದನ್ನೂ ಪಡೆಯಬಹುದು. ಅದರಿಂದ ಅವರ ತರಬೇತಿ ಸರ್ಕಾರದ್ದಾಗಲ್ಲ.

ಹಾಗಾಗಿ ಯಾರಾದರೂ ಉಚಿತ ತರಬೇತಿಗೆ ಯಾವ ಹೆಸರಲ್ಲೇ ದುಡ್ಡು ಕೇಳಲಿ, ಪೋರ್ಟಲ್ ಅನ್ನಲಿ, ಕಿಟ್ ಅನ್ನಲಿ, ಎದ್ದು ಬನ್ನಿ. ಪೋಸ್ಟರ್ ನೋಡಿದರೆ ಮೊದಲು ಪಂಚಾಯ್ತಿಯಲ್ಲಿ ಇಲ್ಲವೇ ಜಿಲ್ಲೆಯ ಆರ್‌ಸೆಟಿಯಲ್ಲಿ ಕೇಳಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ ಜೆರಾಕ್ಸ್ ಕೊಡಿ, ಬಿಟ್ಟು ಬರಬೇಡಿ. ತಾರೀಕಿಲ್ಲದ ಹಾಳೆಗೆ ಸಹಿ ಮಾಡಬೇಡಿ. ಫೋನಿಂದ ದುಡ್ಡು ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಆದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹೋಗಿಬಿಟ್ಟಿರುತ್ತೆ. ಮತ್ತೆ ಆ "ಇವತ್ತು ಐದು ಗಂಟೆ" ಅನ್ನೋದಕ್ಕೆ ಓಡಬೇಡಿ. ಅವರ ಪೋಸ್ಟರ್ ಈಗಲೂ ಗ್ರೂಪುಗಳಲ್ಲಿ ಓಡಾಡುತ್ತಿದೆ, ಅದೇ ಚಿತ್ರ, ಅದೇ "ಕೆಲವೇ ಸೀಟು", ತಾರೀಕಿನ ಮೇಲೆ ಮಾತ್ರ ಹೊಸ ಬಿಳಿ ಪಟ್ಟಿ.

ನೀವೂ ಆ ಸಮಾವೇಶದ ಫೋಟೋದಲ್ಲಿ ಇದ್ದರೆ, ಇಲ್ಲವೇ ನೇರಳೆ ಸೀಲಿನ ದೇಣಿಗೆ ರಸೀದಿ ನಿಮ್ಮ ಹತ್ತಿರವೂ ಇದ್ದರೆ ನನಗೆ ಮೆಸೇಜ್ ಹಾಕಿ. ಒಬ್ಬೊಬ್ಬರೇ ಹೋದರೆ ಠಾಣೆಯಲ್ಲಿ "ಕರೆಸಿ ಮಾತಾಡ್ತೀವಿ" ಅಂತ ಕಳಿಸುತ್ತಾರೆ. ರಸೀದಿಗಳನ್ನೆಲ್ಲ ಒಟ್ಟಿಗೆ ಹಿಡಿದುಕೊಂಡು ಡಿಸಿ ಆಫೀಸಿಗೆ ಹೋಗೋಣ ಅಂತಿದ್ದೇವೆ. ರಸೀದಿ ಎಷ್ಟೇ ಅಳಿಸಿದ್ದರೂ ಎಸೆಯಬೇಡಿ, ಫೋನ್ ಪೇ ಸ್ಕ್ರೀನ್‌ಶಾಟ್ ಡಿಲೀಟ್ ಮಾಡಬೇಡಿ.