ಸ್ಪ್ರಿಂಗ್ ಏರ್ ರೈಫಲ್ಲೋ, ಪಿಸಿಪಿಯೋ?

10 ಮೀಟರ್ ಪದಕದ ಮೇಲೆ ಕಣ್ಣಿದ್ದರೆ ಯೋಚನೆಯೇ ಬೇಡ, ಒತ್ತಡದ ಗಾಳಿಯನ್ನು ಮೊದಲೇ ತುಂಬಿಸಿಟ್ಟುಕೊಳ್ಳುವ ಪಿಸಿಪಿ (ಪ್ರಿ-ಚಾರ್ಜ್ಡ್ ನ್ಯೂಮ್ಯಾಟಿಕ್) ರೈಫಲ್ ಕೊಳ್ಳಿ. ಈಗಿನ ಒಲಿಂಪಿಕ್ಸ್ ಶೂಟರ್‌ಗಳ ಕೈಯಲ್ಲಿರುವುದೂ ಅದೇ ಬಗೆ. ಒದೆತ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಸುಮಾರು 200 ಬಾರ್ ಒತ್ತಡಕ್ಕೆ ಕೈಪಂಪು ಹೊಡೆದರೆ ರಟ್ಟೆ ಬಿದ್ದುಹೋಗುತ್ತದೆ. ಗಾಳಿಯ ಸಿಲಿಂಡರ್ ಕೊಂಡರೆ ಜೇಬಿಗೆ ಕತ್ತರಿ.

ಸಂಜೆ ಹೊತ್ತಿನ ಖುಷಿಗಾದರೆ ನನ್ನ ಓಟು ಸ್ಪ್ರಿಂಗಿಗೇ. ನಳಿಗೆ ಬಗ್ಗಿಸಿ ಸ್ಪ್ರಿಂಗ್ ಅದುಮಿ, ಪೆಲೆಟ್ (ಸಣ್ಣ ಗುಂಡು) ಇಟ್ಟು ಮುಚ್ಚಿದರೆ ಆಯಿತು. ಮಜಾ ಇರುವುದು ಟ್ರಿಗರ್ ಎಳೆದ ಮೇಲೆ. ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದೆ ಸರಿಯುತ್ತದೆ, ಪಿಸ್ಟನ್ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಇದು ಶುರುವಾದಾಗ ಪೆಲೆಟ್ ಇನ್ನೂ ನಳಿಗೆಯೊಳಗೇ! ಬಿಗಿಹಿಡಿದಷ್ಟೂ ಗುಂಡುಗಳು ಚದುರುತ್ತವೆ. ಎಡ ಅಂಗೈ ಮೇಲೆ ಸುಮ್ಮನೆ ಕೂರಿಸಿ, ಪ್ರತಿ ಸಲವೂ ಅದೇ ಜಾಗದಲ್ಲಿ. ಇದು ಕೈಗೆ ಹತ್ತಿದ ಮೇಲೆ ಬಿಡಲು ಮನಸ್ಸಾಗುವುದಿಲ್ಲ. ಗುರಿ ನೋಡುವ ಅಗ್ಗದ ಸ್ಕೋಪ್ ಮಾತ್ರ ಈ ಎಳೆದಾಟಕ್ಕೆ ಕೆಟ್ಟುಹೋಗಬಹುದು. ಪೆಲೆಟ್ ಇಲ್ಲದೆ ಖಾಲಿ ಹೊಡೆಯಲೂಬೇಡಿ, ಪಿಸ್ಟನ್ ಸೀಲಿಗೆ ಪೆಟ್ಟು.

ನಮ್ಮಲ್ಲಿ ನಳಿಗೆಯ ಒಳವ್ಯಾಸ (ಕ್ಯಾಲಿಬರ್) .177 ಇಂಚು, ಪೆಲೆಟ್ ಹೊರಬೀಳುವಾಗಿನ ಶಕ್ತಿ 20 ಜೂಲ್ ಮೀರದಿದ್ದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಎರಡಕ್ಕೂ ಲೈಸೆನ್ಸ್ ಬೇಡ. ಗುರಿಯ ಹಿಂದೆ ಪೆಲೆಟ್ ತಡೆಯುವ ಗಟ್ಟಿ ಅಡ್ಡ ಮಾತ್ರ ಇರಲೇಬೇಕು.