ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ: ನೇರ, ದುಬೈ, ಫ್ರಾಂಕ್‌ಫರ್ಟ್, ಇಲ್ಲಾ ಹಾಂಗ್‌ಕಾಂಗ್?

ಈ ಎರಡು ಊರುಗಳು ಭೂಮಿಯ ಹೆಚ್ಚುಕಮ್ಮಿ ಎದುರುಬದುರು ಬದಿಗಳಲ್ಲಿವೆ. ಪೂರ್ವಕ್ಕೆ ಹೊರಟರೂ ತಲುಪಬಹುದು, ಪಶ್ಚಿಮಕ್ಕೆ ಹೊರಟರೂ ತಲುಪಬಹುದು. ತೀರಾ ಹತ್ತಿರದ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹೋಗುತ್ತದೆ. ಅದು ಸುಮಾರು 14,000 ಕಿ.ಮೀ.

ಏರ್ ಇಂಡಿಯಾ 2021ರ ಜನವರಿಯಲ್ಲಿ ನೇರ ವಿಮಾನ ಶುರು ಮಾಡಿತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಆ ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಧ್ರುವದ ಮೇಲಿಂದಲೇ ತಂದಿತ್ತು. ಈ ಸೇವೆ 2022ರಲ್ಲಿ ನಿಂತು ಮತ್ತೆ ಶುರುವಾಯಿತು. ಹಾಗಾಗಿ ನಿಮ್ಮ ತಾರೀಖಿಗೆ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ನಾನು ಹೋದಾಗ ಹದಿನಾರು ಗಂಟೆಯ ಮೇಲೆ ಹಿಡಿಯಿತು. ಬದಲಾಯಿಸುವ ತಲೆನೋವಿಲ್ಲ, ಬ್ಯಾಗ್ ಎಲ್ಲಿ ಹೋಯಿತೋ ಎಂಬ ಚಿಂತೆಯಿಲ್ಲ. ಆದರೆ ಹತ್ತನೇ ಗಂಟೆಯ ನಂತರ ಮಂಡಿ ಮಾತು ಕೇಳುವುದಿಲ್ಲ.

ಹಾಗಾದರೆ ನಡುವೆ ಇಳಿಯೋಣ ಅಂತ ದುಬೈ ದಾರಿ ಹಿಡಿದೆ. ದೂರ ಒಟ್ಟು 15,700 ಕಿ.ಮೀ. ಆಸುಪಾಸು, ಜಾಸ್ತಿ ಏನಿಲ್ಲ. ಎಡವಟ್ಟು ಇರುವುದು ಬೇರೆ ಕಡೆ. ನಾಲ್ಕು ಗಂಟೆಗೆ ದುಬೈ ಬಂದೇ ಬಿಡುತ್ತದೆ. ಅಲ್ಲಿಂದ ಮುಂದೆ ಮತ್ತೆ ಹದಿನಾರು ಗಂಟೆ! ಬೀದರ್‌ಗೆ ಹೊರಟ ಬಸ್ಸನ್ನು ತುಮಕೂರಿನಲ್ಲಿ ಊಟಕ್ಕೆ ನಿಲ್ಲಿಸಿದ ಹಾಗೆ. ಸಿಂಗಾಪುರದ್ದೂ ಇದೇ ಕಥೆ, ದೂರ ಇನ್ನೂ ಒಂದು ಸಾವಿರ ಕಿ.ಮೀ. ಹೆಚ್ಚು.

ಫ್ರಾಂಕ್‌ಫರ್ಟ್ ದಾರಿ 16,500 ಕಿ.ಮೀ. ದಾಟುತ್ತದೆ. ಆದರೂ ನನಗೆ ದುಬೈಗಿಂತ ಹಗುರ ಅನ್ನಿಸಿತು. ಹತ್ತು ಗಂಟೆ, ಹನ್ನೊಂದು ಗಂಟೆ ಅಂತ ಸರಿಯಾಗಿ ಅರ್ಧಕ್ಕೆ ಮುರಿಯುತ್ತದೆ. ಆ ವಿಮಾನ ನಿಲ್ದಾಣದಲ್ಲಿ ನಡಿಗೆ ಮಾತ್ರ ಸಿಕ್ಕಾಪಟ್ಟೆ. ವಯಸ್ಸಾದವರಿದ್ದರೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿಬಿಡಿ.

ಹೋಗುವಾಗ ನನಗೆ ಹಿಡಿಸಿದ್ದು ಹಾಂಗ್‌ಕಾಂಗ್. ಒಟ್ಟು ಸುಮಾರು 15,000 ಕಿ.ಮೀ., ಮೊದಲು ಆರು ಗಂಟೆ, ಆಮೇಲೆ ಹನ್ನೆರಡು. ಪೆಸಿಫಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ. ನಡುವೆ ದಿನಾಂಕ ರೇಖೆ ದಾಟುವುದರಿಂದ ಮಧ್ಯಾಹ್ನ ಹಾಂಗ್‌ಕಾಂಗ್ ಬಿಟ್ಟವರು ಅದೇ ದಿನ ಬೆಳಿಗ್ಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುತ್ತಾರೆ. ಮಜಾ ಅಲ್ವಾ? ವಾಪಸ್ ಬರುವಾಗ ಅದೇ ಗಾಳಿ ಎದುರಾಗುತ್ತದೆ, ಅದೇ ದಾರಿಗೆ ಎರಡು ಮೂರು ಗಂಟೆ ಹೆಚ್ಚು. ಆದ್ದರಿಂದ ಬರುವಾಗ ಫ್ರಾಂಕ್‌ಫರ್ಟ್ ವಾಸಿ, ಏಕೆಂದರೆ ಆಗ ಆ ಕಡೆಯದೂ ಪೂರ್ವದ ಪ್ರಯಾಣವೇ. ಹೀಗೆ ಬೇರೆ ಬೇರೆ ಕಂಪನಿಯ ಟಿಕೆಟ್ ಮಾಡಿದರೆ ದರ ಏರುವುದುಂಟು. ನನ್ನ ದುಡ್ಡಲ್ಲಾದರೆ ಎರಡೂ ಕಡೆ ಒಂದೇ ಕಂಪನಿ, ಆಫೀಸಿನ ದುಡ್ಡಲ್ಲಾದರೆ ಗಾಳಿ ಬಂದತ್ತ!

ಲೇಓವರ್, ಅಂದರೆ ವಿಮಾನ ಬದಲಾಯಿಸಲು ನಡುವೆ ಸಿಗುವ ಸಮಯ, ಎರಡೂವರೆ ಗಂಟೆಗಿಂತ ಕಮ್ಮಿ ಇರುವ ಟಿಕೆಟ್ ನಾನು ತಗೊಳ್ಳುವುದಿಲ್ಲ. ಒಮ್ಮೆ ಒಂದೂಕಾಲು ಗಂಟೆಯ ಲೇಓವರ್‌ನಲ್ಲಿ ಓಡಿ ನಾನೇನೋ ಹತ್ತಿದೆ, ನನ್ನ ಬ್ಯಾಗ್ ಹತ್ತಲಿಲ್ಲ. ಇನ್ನು ನ್ಯೂಯಾರ್ಕ್, ಶಿಕಾಗೊ ಮೂಲಕ ಅಗ್ಗದ ಟಿಕೆಟ್ ಸಿಕ್ಕರೆ ಸ್ವಲ್ಪ ಯೋಚಿಸಿ. ಅಮೆರಿಕದಲ್ಲಿ ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಬ್ಯಾಗ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಉಪ್ಪಿನಕಾಯಿ, ಚಟ್ನಿಪುಡಿ ತುಂಬಿದ ಎರಡು ಸೂಟ್‌ಕೇಸ್ ಇದ್ದರೆ ಅದಕ್ಕೆಲ್ಲ ಮೂರು ಗಂಟೆಯ ಲೇಓವರ್ ಕೂಡ ಸಾಕಾಗುವುದಿಲ್ಲ.