ಇಳಿಯದ ಸ್ಟೆಪ್ನಿ ಮತ್ತು ಬದಿಯಡ್ಕದ ಬೋರ್ಡಿಲ್ಲದ ಟಯರ್ ಅಂಗಡಿ

ಈ ಅಂಗಡಿಗೆ ಹೆಸರಿಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆ ಹೋಗುವಾಗ ಒಂದು ತಗಡಿನ ಶೆಡ್ಡು ಸಿಗುತ್ತದೆ, ಎದುರಿಗೆ ನೇತು ಹಾಕಿದ ಹಳೇ ಟಯರಿನ ಮೇಲೆ ಬಿಳಿ ಪೇಂಟಿನಲ್ಲಿ ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳದಲ್ಲಿ ‘ಪಂಚರ್’ ಅಂತ ಬರೆದಿದೆ. ಅಷ್ಟೇ ಬೋರ್ಡು. ನಾನು ಹೋದದ್ದು ಪಂಚರ್ ಹಾಕಿಸಲಿಕ್ಕಲ್ಲ, ಪಿಕಪ್ಪಿನ ಅಡಿಯಲ್ಲಿ ಸಿಕ್ಕಿಬಿದ್ದ ಸ್ಟೆಪ್ನಿ, ಅಂದರೆ ಹೆಚ್ಚುವರಿ ಚಕ್ರ, ಇಳಿಸಲಿಕ್ಕೆ.

ಆದದ್ದು ಹೀಗೆ. ಅಡಿಕೆ ತುಂಬಿಕೊಂಡು ವಿಟ್ಲಕ್ಕೆ ಹೊರಟಿದ್ದೆ. ಅಡ್ಕಸ್ಥಳ ತಲುಪುವ ಮೊದಲೇ ಹಿಂದಿನ ಎಡದ ಟಯರ್ ಕೂತಿತು. ಸ್ಟೆಪ್ನಿ ಇಳಿಸುವ ಲಿವರ್ ಹುಡುಕಿದರೆ ಗಾಡಿಯಲ್ಲಿ ಇಲ್ಲ. ಆ ಉದ್ದದ ರಾಡು ನಮ್ಮ ದನದ ಹಟ್ಟಿಯ ಬಾಗಿಲಿಗೆ ಅಗುಳಿಯಾಗಿ ಎರಡು ವರ್ಷ ಆಗಿತ್ತು, ಅದು ನೆನಪಾದದ್ದು ಆ ಮಳೆಯಲ್ಲಿ ನಿಂತಾಗ. ಹಿಂದಿನಿಂದ ಬಂದ ಕೋಳಿ ಗಾಡಿಯವ ನಿಲ್ಲಿಸಿ ತನ್ನ ಲಿವರ್ ಕೊಟ್ಟ. ತಿರುಗಿಸಿದರೆ ಚಕ್ರ ನಾಲ್ಕು ಬೆರಳು ಇಳಿಯಿತು, ಆಮೇಲೆ ಕಡಕ್ ಕಡಕ್ ಅಂತ ಸದ್ದು ಮಾತ್ರ. ಕೆಳಗೂ ಬರುವುದಿಲ್ಲ, ಮೇಲೂ ಹೋಗುವುದಿಲ್ಲ. ಕೊನೆಗೆ ಆ ಪುಣ್ಯಾತ್ಮ ತನ್ನದೇ ಸ್ಟೆಪ್ನಿ ಬಿಚ್ಚಿ ಕೊಟ್ಟ, ಎರಡೂ ಗಾಡಿ ಒಂದೇ ಮಾಡೆಲ್ ಆದದ್ದಕ್ಕೆ ಬಚಾವ್. ನೇತಾಡುತ್ತಿದ್ದ ನನ್ನ ಚಕ್ರವನ್ನು ನೈಲಾನ್ ಹಗ್ಗದಲ್ಲಿ ಗಾಡಿಯ ಅಡಿಯ ಚೌಕಟ್ಟಿಗೆ (ಚಾಸಿಗೆ) ಬಿಗಿದು, ಅಡಿಕೆ ಇಳಿಸಿ, ಮರುದಿನ ಬೆಳಿಗ್ಗೆ ನೇರ ಈ ಶೆಡ್ಡಿಗೆ.

ಅಂಗಡಿಯವರಿಗೆ ಎಲ್ಲರೂ ‘ಇಚ್ಚ’ ಅಂತಲೇ ಕರೆಯುವುದು. ಅವರು ಚಕ್ರಕ್ಕೆ ಕೈ ಹಾಕುವ ಮೊದಲು ಅದರ ಅಡಿಗೆ ಟ್ರಾಲಿ ಜಾಕ್ ತಂದಿಟ್ಟರು. ನಾನು ಬಗ್ಗಿ ನೋಡಲು ಹೋದರೆ, ‘ಭಟ್ರೆ, ಅಡಿಗೆ ಹೋಗ್ಬೇಡಿ, ಚೈನು ಕಡಿದ್ರೆ ಇಪ್ಪತ್ತು ಕಿಲೋ ಮೇಲಿನ ಚಕ್ರ ನಿಮ್ಮ ಎದೆಗೇ ಬರ್ತದೆ’ ಅಂದರು. ಇಷ್ಟು ವರ್ಷ ನಾನು ಅಡಿಯಲ್ಲಿ ಅಂಗಾತ ಮಲಗಿಯೇ ಇಳಿಸುತ್ತಿದ್ದದ್ದು.

ಸಿಕ್ಕಿಹಾಕಿಕೊಂಡದ್ದು ಯಾಕೆ ಅಂತ ಬಿಚ್ಚಿ ತೋರಿಸಿದರು. ಈ ವ್ಯವಸ್ಥೆ ದೊಡ್ಡದೇನಲ್ಲ. ಚಾಸಿಗೆ ಬೋಲ್ಟ್ ಮಾಡಿದ ಸಣ್ಣ ಪೆಟ್ಟಿಗೆ, ಒಳಗೆ ಗಿಯರ್, ಅದರಿಂದ ಇಳಿಯುವ ಚೈನು, ಚೈನಿನ ತುದಿಗೆ ಒಂದು ತಟ್ಟೆ. ಬಾವಿಯ ರಾಟೆ ಇದ್ದ ಹಾಗೆಯೇ. ಆ ತಟ್ಟೆಯನ್ನು ಓರೆ ಮಾಡಿ ಚಕ್ರದ ಡಿಸ್ಕಿನ ನಡುವಿನ ತೂತಿನಿಂದ ದಾಟಿಸಿ ಅಡ್ಡ ಕೂರಿಸಬೇಕು, ಚಕ್ರದ ಪೂರ್ತಿ ಭಾರ ಅದರ ಮೇಲೆ. ನಾಲ್ಕು ತಿಂಗಳ ಹಿಂದೆ ಬೇರೆ ಒಂದು ಕಡೆ (ಹೆಸರು ಬೇಡ) ಟಯರ್ ಬದಲಿಸಿದಾಗ ಈ ತಟ್ಟೆ ಸರಿಯಾಗಿ ಕೂರದೆ ಓರೆಯಾಗಿಯೇ ಬಿಗಿದಿದ್ದರು. ಚಕ್ರ ಒಂದು ಬದಿಗೆ ವಾಲಿ, ಹೊಂಡ ಹೊಂಡಕ್ಕೂ ಅಲ್ಲಾಡಿ, ಚೈನಿನ ಎರಡು ಕೊಂಡಿ ತಿರುಚಿಕೊಂಡಿತ್ತು. ಅದರ ಮೇಲೆ ನಮ್ಮ ಕೆಂಪು ಮಣ್ಣು, ಮಳೆ, ಕುಂಬಳೆ ಕಡೆಯ ಉಪ್ಪು ಗಾಳಿ. ತಟ್ಟೆಯನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿದರೆ ತುಕ್ಕು ಹಪ್ಪಳದ ಹಾಗೆ ಏಳುತ್ತಿತ್ತು. ಲಿವರ್ ಹೋಗುವ ದಾರಿಯಲ್ಲಿ ಕುಂಬಾರ ಹುಳ ಚಂದ ಮಾಡಿ ಮನೆ ಕಟ್ಟಿತ್ತು, ಅದನ್ನೂ ಒಂದು ಸ್ಕ್ರೂ ಡ್ರೈವರಿನಲ್ಲಿ ಕೆರೆದು ತೆಗೆದರು.

ಪೆಟ್ಟಿಗೆ ಬಿಚ್ಚಿ ಡೀಸೆಲಿನಲ್ಲಿ ತೊಳೆದು ಗಿಯರಿಗೆ ಗ್ರೀಸ್ ತುಂಬಿದರು. ಚೈನು ಬೇರೆ ಹಾಕಿದರು, ಅದು ಹಳೇ ಗಾಡಿಯಿಂದ ತೆಗೆದದ್ದು ಅಂತ ಮೊದಲೇ ಹೇಳಿಯೇ ಹಾಕಿದ್ದು. ಚೈನಿಗೂ ಗ್ರೀಸ್ ಮೆತ್ತಿಬಿಡಿ ಅಂದೆ. ಬೇಡವಂತೆ. ದಪ್ಪ ಗ್ರೀಸಿಗೆ ಮಣ್ಣು ಅಂಟಿ ಅದೇ ಅರದ ಹಾಗೆ ಕೊಂಡಿಯನ್ನು ತಿನ್ನುತ್ತದೆ, ಅಲ್ಲಿಗೆ ತೆಳು ಎಣ್ಣೆ ಸಾಕು ಅಂದರು. ಇದು ನನಗೆ ಹೊಸ ವಿಷಯ.

ಟಯರನ್ನೂ ನೋಡಿದರು. ಗಾಳಿ ಬರೀ 18 ಪಿಎಸ್‌ಐ ಇತ್ತು. ಅಂದರೆ ಅವತ್ತು ಸ್ಟೆಪ್ನಿ ಇಳಿದಿದ್ದರೂ ಅಡಿಕೆ ಲೋಡಿಗೆ ಅದು ಕೆಲಸಕ್ಕೆ ಬರುತ್ತಿರಲಿಲ್ಲ! ಬದಿಯಲ್ಲಿ ಬರೆದ ಕೊನೆಯ ನಾಲ್ಕು ಅಂಕೆ 1816. ಅಂದರೆ 2016ರ 18ನೇ ವಾರದಲ್ಲಿ ಆದ ಟಯರ್. ರಸ್ತೆಗೆ ತಾಗಿದ್ದೇ ಕಡಿಮೆ, ಗುಂಡಿ (ರಸ್ತೆಗೆ ತಾಗುವ ಮೇಲ್ಮೈಯ ಅಚ್ಚು) ಹೊಸದರ ಹಾಗಿದೆ, ಆದರೆ ಬದಿಯ ರಬ್ಬರ್ ಒಣಗಿ ಸಣ್ಣ ಸಣ್ಣ ಬಿರುಕು. ಉಪಯೋಗಿಸದೆ ಇಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ ಅಲ್ವಾ, ನಾವು ಗುಂಡಿ ಮಾತ್ರ ನೋಡುವುದು. ಖಾಲಿ ಗಾಡಿಯಲ್ಲಿ ಅಂಗಡಿ ತನಕ ಬರಲು ಆದೀತು, ಲೋಡು ಬೇಡ ಅಂದರು. ಹೊಸದು ಕೊಳ್ಳಿ ಅಂತ ತಲೆ ತಿನ್ನಲಿಲ್ಲ. ಮುಂದಿನ ತಿಂಗಳು ನಾನೇ ತಗೊಳ್ಳಬೇಕು.

ಕೂರಿಸುವಾಗ ನಮ್ಮ ಡಿಸ್ಕಿಗೆ ಸರಿಯಾಗುವಂತೆ ವಾಲ್ವ್ ಕೆಳಗೆ ಬರುವ ಹಾಗೆ ಇಟ್ಟರು. ಈಗ ಚಕ್ರ ಇಳಿಸದೆಯೇ ಕುಕ್ಕರುಗಾಲಲ್ಲಿ ಕೂತು ಗಾಳಿ ನೋಡಬಹುದು. ಚಕ್ರ ಚಾಸಿಯ ಆನಿಕೆಗೆ ಗಟ್ಟಿಯಾಗಿ ತಾಗುವವರೆಗೆ ಬಿಗಿದು, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರು. ಆಮೇಲೆ ‘ನೀರ್ಚಾಲಿನ ತನಕ ಹೋಗಿ ಬನ್ನಿ, ರಸ್ತೆಯ ಹಂಪು ತಪ್ಪಿಸ್ಬೇಡಿ’ ಅಂತ ಕಳಿಸಿದರು. ವಾಪಸ್ ಬಂದಾಗ ಇನ್ನೂ ಅರ್ಧ ಸುತ್ತು ಬಿಗಿ ಹಿಡಿಯಿತು. ಬೇರೆ ಯಾರೂ ಇದನ್ನು ಮಾಡಿದ್ದು ನಾನು ನೋಡಿಲ್ಲ, ಈ ಅರ್ಧ ಸುತ್ತಿಗೇ ನಾನು ಇಷ್ಟು ಉದ್ದ ಬರೆಯುತ್ತಿರುವುದು. ಪತ್ತನಾಜೆಯ (ಮೇ ಕೊನೆಗೆ, ಮಳೆಗೆ ಮೊದಲು ಬರುವ ತುಳುವರ ವಿಶೇಷ ದಿನ) ಹೊತ್ತಿಗೊಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಪೂರ್ತಿ ಇಳಿಸಿ ಎಣ್ಣೆ ಬಿಟ್ಟು ಏರಿಸಿ ಅಂತಲೂ ಹೇಳಿದ್ದಾರೆ.

ಕಳ್ಳರಿಗೆ ಅಂತ ಒಂದು ಬೀಗವೂ ಹಾಕಿಸಿದೆ. ಬೀಗ ತುಕ್ಕು ಹಿಡಿದರೆ ಮತ್ತೆ ಅದೇ ಕಥೆ, ಹಾಗಾಗಿ ಕೀಲಿಯ ತೂತಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕೊಟ್ಟಿದ್ದಾರೆ. ಕಾಯುವಾಗ, ಈ ಸ್ಟೆಪ್ನಿ ಅನ್ನುವ ಹೆಸರು ಎಲ್ಲಿಂದ ಬಂತು ಅಂತ ಅವರು ಕೇಳಿದರು. ವೇಲ್ಸಿನ ಒಂದು ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಹೆಚ್ಚುವರಿ ಚಕ್ರ ಮಾಡುವ ಕಂಪನಿ ಇತ್ತು, ಆ ಬೀದಿಯ ಹೆಸರು ಅಂದೆ. ನಂಬಲಿಲ್ಲ.

ಎಲ್ಲ ಸೇರಿ 1,450 ರೂಪಾಯಿ, ಮೂರು ಗಂಟೆ. ಹೊಸ ಚೈನು ಹಾಕುವುದಾದರೆ ತರಿಸಲು ನಾಲ್ಕು ದಿನ ಬೇಕಿತ್ತಂತೆ. ದೂರು ಇಲ್ಲ ಅಂತ ಅಲ್ಲ. ಬಿಲ್ ಸಿಗುವುದಿಲ್ಲ. ಫೋನ್ ಎತ್ತುವುದೇ ಇಲ್ಲ. ಒಬ್ಬರೇ ಇರುವುದು, ನಡುವೆ ಒಂದು ಆಟೋ ಬಂತು ಅಂತ ನನ್ನ ಕೆಲಸ ಅರ್ಧಕ್ಕೆ ಬಿಟ್ಟು ಮುಕ್ಕಾಲು ಗಂಟೆ ಅದರ ಪಂಚರ್ ಹಾಕಿದರು. ಕೂರಲಿಕ್ಕೆ ಒಂದೇ ಬೆಂಚು, ಅದರಲ್ಲೂ ಅರ್ಧ ಟ್ಯೂಬುಗಳ ರಾಶಿ.

ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ, ಬೆಳಿಗ್ಗೆ ಬೇಗ ಹೋಗಿ. ಹೋಗುವಾಗ ನಿಮ್ಮ ಗಾಡಿಯ ಲಿವರ್ ತಗೊಂಡು ಹೋಗಿ, ಅವರಲ್ಲಿ ಇರುವುದು ಎಲ್ಲದಕ್ಕೂ ಸರಿಯಾಗುವುದಿಲ್ಲ. ನಮ್ಮ ಹಟ್ಟಿಯ ಬಾಗಿಲಿಗೆ ಈಗ ಬಿದಿರಿನ ಅಗುಳಿ.